ಜಠರದ ಗಡ್ಡೆಗೆ ಕೀಹೋಲ್ ಆಪರೇಶನ್: ಮೊದಲು ಏನು ಕೇಳಬೇಕು?

ನಿಮ್ಮ ಕುಟುಂಬದಲ್ಲೂ ಅಂತಹ ಒಬ್ಬರಿದ್ದಾರು. ಪಿತ್ತಕೋಶದ ಕಲ್ಲಿಗೆ ಕೀಹೋಲ್ ಆಪರೇಶನ್ ಮಾಡಿಸಿಕೊಂಡು ಎರಡನೇ ದಿನ ಮನೆಗೆ ಬಂದು, ಮುಂದಿನ ಜುಮುಅಕ್ಕೆ ಮಸೀದಿಗೆ ನಡೆದೇ ಹೋದವರು. ಅದನ್ನು ಕಂಡ ನಾವು, ಮನೆಯ ಹಿರಿಯರಿಗೆ ಜಠರದಲ್ಲಿ ಗಡ್ಡೆಯಿದೆ, ಅದು ಕ್ಯಾನ್ಸರ್ ಎಂದು ತಿಳಿದಾಗಲೂ ಮೊದಲು ಕೇಳುವುದು ಇದನ್ನೇ: "ಕೀಹೋಲ್‌ನಲ್ಲಿ ಆಗುತ್ತದಾ ಡಾಕ್ಟ್ರೇ?" ಆಗುವುದಿಲ್ಲ ಎಂದರೆ, ಆಗುತ್ತದೆ ಎನ್ನುವ ಇನ್ನೊಂದು ಆಸ್ಪತ್ರೆ ಹುಡುಕುತ್ತೇವೆ. ಚಿನ್ನ ಅಡವಿಡುತ್ತೇವೆ, ಗಲ್ಫ್‌ನಲ್ಲಿರುವ ಮಗನ ಹಣಕ್ಕೆ ಕಾಯುತ್ತೇವೆ. ವಾರಗಳು ಕಳೆಯುತ್ತವೆ. ಇದು ತಪ್ಪು ಎಂಬುದು ನನ್ನ ಅಭಿಪ್ರಾಯ.

ಪಿತ್ತಕೋಶ ಒಂದು ಪುಟ್ಟ ಚೀಲ. ತೆಗೆದರೆ ಕೆಲಸ ಮುಗಿಯಿತು. ಜಠರದ ಕ್ಯಾನ್ಸರ್‌ನಲ್ಲಿ ಗಡ್ಡೆಯನ್ನಷ್ಟೇ ಕಿತ್ತು ತೆಗೆದರೆ ಸಾಲದು. ಸುತ್ತಲಿನ ಆರೋಗ್ಯವಂತ ಭಾಗವನ್ನೂ ಸೇರಿಸಿ ಸಾಮಾನ್ಯವಾಗಿ ಜಠರದ ಮೂರನೇ ಎರಡರಷ್ಟನ್ನು, ಕೆಲವೊಮ್ಮೆ ಇಡೀ ಜಠರವನ್ನೇ ತೆಗೆಯಬೇಕಾಗುತ್ತದೆ. ರಕ್ತನಾಳಗಳ ಬದಿಯಲ್ಲಿರುವ ದುಗ್ಧಗ್ರಂಥಿಗಳನ್ನು ಒಂದೊಂದಾಗಿ ಬಿಡಿಸಬೇಕು. ಪರೀಕ್ಷೆಗೆ ಕನಿಷ್ಠ 15ರಿಂದ 16 ಗ್ರಂಥಿಗಳಾದರೂ ಸಿಗಬೇಕು. ಬಳಿಕ ಉಳಿದದ್ದನ್ನು ಕರುಳಿಗೆ ಜೋಡಿಸಬೇಕು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದರೂ, ಅನಿಲ ತುಂಬಿ ನಾಲ್ಕೈದು ರಂಧ್ರಗಳಿಂದ ಕ್ಯಾಮೆರಾ ಮತ್ತು ಸಲಕರಣೆ ಇಳಿಸಿದರೂ ಒಳಗಿನ ಕೆಲಸ ಇದೇ. ಕೀಹೋಲ್ ಎಂದರೂ ಕತ್ತರಿಸಿದ ಜಠರವನ್ನು ಹೊರತೆಗೆಯಲು ಕೆಲವು ಸೆಂಟಿಮೀಟರ್ ಕೊಯ್ಯಲೇಬೇಕು. ಇದನ್ನು ರೋಗಿಯ ಮನೆಯವರಿಗೆ ಮೊದಲೇ ಹೇಳುವವರು ಕಡಿಮೆ.

"ಕೀಹೋಲ್‌ನಲ್ಲಿ ಕ್ಯಾನ್ಸರ್ ಪೂರ್ತಿ ಹೋಗುವುದಿಲ್ಲ" ಎಂದು ಹೆದರಿಸುವ ಬಂಧುಗಳೂ ಇದ್ದಾರೆ. ಅದೂ ಸರಿಯಲ್ಲ. ದಕ್ಷಿಣ ಕೊರಿಯಾದಲ್ಲಿ ಮೊದಲ ಹಂತದ 1416 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಐದು ವರ್ಷಗಳ ಬಳಿಕ ಬದುಕಿದ್ದವರು ಕೀಹೋಲ್ ಗುಂಪಿನಲ್ಲಿ ನೂರಕ್ಕೆ 94.2, ತೆರೆದ ಆಪರೇಶನ್ ಗುಂಪಿನಲ್ಲಿ 93.3. ಗಾಯ ಕೀವಾಗುವಂತಹ ತೊಂದರೆಗಳು ಕೀಹೋಲ್‌ನಲ್ಲಿ ನೂರಕ್ಕೆ 3.1, ಇನ್ನೊಂದರಲ್ಲಿ 7.7. ಚೀನಾದಲ್ಲಿ ರೋಗ ಇನ್ನಷ್ಟು ಬೆಳೆದಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ನೋಡಿದರು. ಮೂರು ವರ್ಷ ರೋಗ ಮರಳದೆ ಉಳಿದವರು ನೂರಕ್ಕೆ 76.5 ಮತ್ತು 77.8. ಎರಡೂ ಫಲಿತಾಂಶಗಳು 2019ರಲ್ಲಿ ಪ್ರಕಟವಾದವು. ಅಂದರೆ ಆಯುಷ್ಯದ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಬೇಗ ಮನೆಗೆ ಹೋಗಬಹುದು ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬಬೇಡಿ. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ ಎರಡೂ ಗುಂಪಿನವರ ಆಸ್ಪತ್ರೆ ವಾಸ ಸುಮಾರು ಏಳು ದಿನವೇ ಆಗಿತ್ತು.

ಆದರೆ ಕೊರಿಯಾದ ಆ ಅಧ್ಯಯನಕ್ಕೆ ಸೇರಬೇಕಾದರೆ ಸರ್ಜನ್ ಎರಡೂ ವಿಧಾನದಲ್ಲಿ ಕನಿಷ್ಠ 50 ಜಠರ ಆಪರೇಶನ್ ಮಾಡಿರಬೇಕಿತ್ತು. ಹೋಲಿಸಿದ್ದೂ ಜಠರದ ಕೆಳಭಾಗವನ್ನು ತೆಗೆಯುವ ಆಪರೇಶನನ್ನು. ಪಿತ್ತಕೋಶದ ಆಪರೇಶನ್ ಸಾವಿರ ಮಾಡಿದ ಕೈ ಜಠರದ ಕ್ಯಾನ್ಸರ್‌ನಲ್ಲಿ ಪಳಗಿರಬೇಕೆಂದೇನಿಲ್ಲ. ಹಾಗಾಗಿ ರಂಧ್ರ ಎಷ್ಟು ದೊಡ್ಡದು ಎಂದು ಕೇಳುವ ಮೊದಲು, "ಜಠರದ ಕ್ಯಾನ್ಸರ್ ಆಪರೇಶನ್ ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಎಷ್ಟು ಗ್ರಂಥಿ ತೆಗೆಯುತ್ತೀರಿ?" ಎಂದು ಕೇಳಿ. ಮರ್ಯಾದೆಯಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಕೀಹೋಲ್‌ನಲ್ಲಿ ಆರಂಭಿಸಿ ಮಧ್ಯೆ ಹೊಟ್ಟೆ ತೆರೆಯಬೇಕಾಗಿ ಬಂದರೆ "ಕೈಲಾಗದೆ ಕೊಯ್ದರು" ಎಂದು ಆಸ್ಪತ್ರೆಯಲ್ಲಿ ಗಲಾಟೆ ಮಾಡುವವರಿದ್ದಾರೆ. ರಕ್ತಸ್ರಾವ ಕಂಡಾಗಲೋ ಗಡ್ಡೆ ಪಕ್ಕಕ್ಕೆ ಅಂಟಿರುವಾಗಲೋ ಹಟ ಹಿಡಿಯದೆ ಹೊಟ್ಟೆ ತೆರೆಯುವವರೇ ಬುದ್ಧಿವಂತರು.

ಜಠರದ ಗಡ್ಡೆಗಳಲ್ಲಿ ಜಿಸ್ಟ್ ಎಂಬ ಇನ್ನೊಂದು ಬಗೆಯಿದೆ. ಇದು ಸಾಮಾನ್ಯವಾಗಿ ದುಗ್ಧಗ್ರಂಥಿಗಳಿಗೆ ಹರಡುವುದಿಲ್ಲ, ಗಾತ್ರ ಚಿಕ್ಕದಿದ್ದರೆ ಕೀಹೋಲ್ ಚೆನ್ನಾಗಿ ಹೊಂದುತ್ತದೆ. ಆದರೆ ತೆಗೆಯುವಾಗ ಅದು ಒಡೆಯಬಾರದು. ಒಡೆದರೆ ಹೊಟ್ಟೆಯೊಳಗೆ ಮತ್ತೆ ಹುಟ್ಟುವ ಅಪಾಯ ಹೆಚ್ಚು. ದೊಡ್ಡ ಗಡ್ಡೆಯಾಗಿದ್ದು ಸರ್ಜನ್ ತೆರೆದೇ ಮಾಡುತ್ತೇನೆ ಎಂದರೆ ಒಪ್ಪಿಕೊಳ್ಳಿ.

ಕೀಹೋಲ್‌ಗೆ ಸಾಮಾನ್ಯವಾಗಿ ಖರ್ಚು ಹೆಚ್ಚು. ಹಣವಿದ್ದು, ನುರಿತವರು ಸಿಕ್ಕಿ, ಅವರೇ ಸಲಹೆ ನೀಡಿದರೆ ಧಾರಾಳವಾಗಿ ಮಾಡಿಸಿ. ನೋವು ಕಡಿಮೆ, ಗಾಯ ಚಿಕ್ಕದು. ಇಲ್ಲವಾದರೆ ಅದಕ್ಕಾಗಿ ಸಾಲ ಮಾಡಬೇಡಿ. ಆಯುಷ್ಮಾನ್ ಕಾರ್ಡ್ ಹಿಡಿದು ಬೆಂಗಳೂರಿನ ಕಿದ್ವಾಯಿಯಂತಹ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೆರೆದ ಆಪರೇಶನ್ ಮಾಡಿಸಿಕೊಂಡವರು ಏನನ್ನೋ ಕಳಕೊಂಡರು ಎಂದು ಭಾವಿಸಬೇಕಿಲ್ಲ.

ಹೊಟ್ಟೆಯ ಮೇಲಿನ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ. ಜಠರ ಚಿಕ್ಕದಾದದ್ದು ಮಾತ್ರ ಜೀವನಪೂರ್ತಿ. ಇನ್ನು ಮೂರು ಹೊತ್ತಿನ ಊಟವಿಲ್ಲ. ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪವೇ ತಿನ್ನಬೇಕು. ಇಡೀ ಜಠರ ತೆಗೆದವರಿಗೆ ಬಿ12 ಇಂಜೆಕ್ಷನ್ ಮುಂದುವರಿಯಬೇಕು. ಸಿಹಿಯನ್ನು ಒಮ್ಮೆಲೇ ತಿಂದರೆ ಎದೆ ಡವಡವ, ಬೆವರು, ತಲೆಸುತ್ತು ಬರಬಹುದು. ರಮಝಾನ್‌ನಲ್ಲಿ ಇದು ದೊಡ್ಡ ಪ್ರಶ್ನೆಯಾಗುತ್ತದೆ. ರೋಗಿಗೆ ಉಪವಾಸದಿಂದ ರಿಯಾಯಿತಿಯನ್ನು ಕುರ್‌ಆನ್ ಸ್ಪಷ್ಟವಾಗಿ ನೀಡಿದೆ. ಆದರೂ ಮನೆಯವರೆಲ್ಲ ಉಪವಾಸವಿರುವಾಗ ತಾನೊಬ್ಬನೇ ತಿನ್ನಲು ನಾಚಿ ಹಸಿದು ಕೂರುವ ಹಿರಿಯರಿದ್ದಾರೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ, ರಮಝಾನ್ ಬರುವ ಮೊದಲೇ ವೈದ್ಯರ ಬಳಿಯೂ ಊರಿನ ಉಸ್ತಾದರ ಬಳಿಯೂ ಕರಕೊಂಡು ಹೋಗಿ ಮಾತನಾಡಿಸಿ.