ಐದು ಅಕ್ಷರಗಳ ಬೇಟೆ

ಪ್ರೀತಿಯ ಮಕ್ಕಳೇ, ಅವರ ಜತೆ ಕೂತು ಈ ಪುಟ ಓದುವ ಅಜ್ಜ ಅಜ್ಜಿಯರೇ,

ನನ್ನ ಮೊಮ್ಮಗ ಐದನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈ ವರ್ಷ ಆರನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮ ಸೇರಿದ. ಮೊದಲ ಡಿಕ್ಟೇಶನ್‌ನಲ್ಲಿ 10 ಪದಕ್ಕೆ 3 ಸರಿ. ಆ ನೋಟ್‌ಬುಕ್ ನನಗೆ ಸಿಕ್ಕಿದ್ದು ಅವನ ಹಾಸಿಗೆಯ ಕೆಳಗೆ! ಯಾರೂ ಬೈದಿರಲಿಲ್ಲ, ಆದರೂ ಬಚ್ಚಿಟ್ಟಿದ್ದ. "ಕನ್ನಡದಲ್ಲಿ ಹೇಳಿದ ಹಾಗೇ ಬರೀತೀವಿ ತಾತ. ಇಂಗ್ಲಿಷ್‌ನಲ್ಲಿ ಹೇಳೋದೊಂದು, ಬರೆಯೋದೊಂದು" ಎಂದು ಕಣ್ಣು ತುಂಬಿಕೊಂಡ.

ಅವನು ತಪ್ಪಿದ್ದ ಪದಗಳಲ್ಲಿ 'ಫಾರ್ಟಿ'ಯೂ ಒಂದು. 'ಫೋರ್'ನಲ್ಲಿ ಯು ಇದೆ, 'ಫೋರ್ಟೀನ್'ನಲ್ಲೂ ಇದೆ, 'ಫಾರ್ಟಿ'ಯಲ್ಲಿ ಮಾತ್ರ ಇಲ್ಲ. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ನಾನೂ ಒಂದು ಡಿಮ್ಯಾಂಡ್ ಡ್ರಾಫ್ಟಿನಲ್ಲಿ ಅದೇ ಯು ಸೇರಿಸಿ ಹಾಳೆ ಹಾಳು ಮಾಡಿದ್ದೆ. ಅದನ್ನು ಹೇಳಿದಾಗ ಹುಡುಗ ಸ್ವಲ್ಪ ನಕ್ಕ. ಅಂದು ಸಂಜೆ ಸ್ಪೆಲಿಂಗ್ ಬಾಯಿಪಾಠ ಬೇಡ, ಬೇಟೆ ಆಡೋಣ ಎಂದೆ.

ಆಟ ಸುಲಭ. ಇಂಗ್ಲಿಷಿನಲ್ಲಿ ಸ್ವರಾಕ್ಷರಗಳು ಐದು: ಎ, ಇ, ಐ, ಓ, ಯು. ಈ ಐದೂ ಒಂದೊಂದು ಸಲ ಮಾತ್ರ ಬರುವ ಪದ ಹುಡುಕಬೇಕು. ಸಾಮಾನು ಇಷ್ಟೇ: ಹಳೆಯ ಇಂಗ್ಲಿಷ್ ಪೇಪರು, ಒಂದು ಪೆನ್ಸಿಲ್ಲು.

ಮೊದಲ ಅರ್ಧ ಗಂಟೆ ಏನೂ ಸಿಗಲಿಲ್ಲ. ಆಮೇಲೆ ಒಂದು ಉಪಾಯ ಹೊಳೆಯಿತು. ಪದದ ಬಾಲ ಹಿಡಿಯಬೇಕು! 'ಏಶನ್' ಎಂದು ಮುಗಿಯುವ ಪದಗಳಲ್ಲಿ ಎ, ಐ, ಓ ಮೂರೂ ಬಾಲದಲ್ಲೇ ಇರುತ್ತವೆ. ತಲೆಯಲ್ಲಿ ಇ ಮತ್ತು ಯು ಇದ್ದರೆ ಸಾಕು. ಎಜುಕೇಶನ್ ಸಿಕ್ಕಿತು, ರೆಗ್ಯುಲೇಶನ್ ಸಿಕ್ಕಿತು, ರೆಪ್ಯುಟೇಶನ್ ಸಿಕ್ಕಿತು. ಇನ್ನೊಂದು ಬಾಲ ಐ-ಓ-ಯು-ಎಸ್. ಇದರಲ್ಲಿ ಹುಷಾರಾಗಿರಬೇಕು. 'ಸೀರಿಯಸ್'ನಲ್ಲಿ ಎ ಇಲ್ಲ, 'ವೇರಿಯಸ್'ನಲ್ಲಿ ಇ ಇಲ್ಲ. ಒಂದೊಂದು ಅಕ್ಷರಕ್ಕೆ ಬೇಟೆ ತಪ್ಪಿತು! ಆದರೆ ಇದೇ ಬಾಲದ ಎರಡು ಪದಗಳಲ್ಲಿ ಐದೂ ಸ್ವರಗಳು ಎ, ಇ, ಐ, ಓ, ಯು ಎಂಬ ಕ್ರಮದಲ್ಲೇ ಸಾಲಾಗಿ ನಿಂತಿವೆ. ಒಂದು 'ಫಸೀಶಸ್', ಹೊತ್ತಲ್ಲದ ಹೊತ್ತಿನಲ್ಲಿ ತಮಾಷೆ ಮಾಡುವವನು. ಇನ್ನೊಂದು 'ಆಬ್ಸ್ಟೀಮಿಯಸ್', ಊಟ ತಿಂಡಿಯಲ್ಲಿ ಮಿತವಾಗಿರುವವನು. ಮೊದಲನೆಯದು ಮೊಮ್ಮಗನಿಗೆ, ಎರಡನೆಯದು ಸಕ್ಕರೆ ಕಾಯಿಲೆಯ ತಾತನಿಗೆ ಎಂದು ಇವಳು ಒಳಗಿನಿಂದಲೇ ಹಂಚಿಬಿಟ್ಟಳು.

ಮೂರನೆಯ ದಿನ ಹುಡುಗ ನನ್ನ ಹಳೆಯ ಪಾಸ್‌ಪುಸ್ತಕ ಹಿಡಿದು ಓಡಿ ಬಂದ. ಅದರ ಮೊಹರಿನಲ್ಲಿ 'ಆಥರೈಸ್ಡ್ ಸಿಗ್ನೇಟರಿ' ಎಂದಿತ್ತು. ಎ, ಯು, ಓ, ಐ, ಇ. ಆಥರೈಸ್ಡ್‌ನಲ್ಲಿ ಐದೂ ಇವೆ! ಜೀವಮಾನವೆಲ್ಲ ಆ ಮೊಹರು ನೋಡಿದವನು ನಾನು. ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸೋಲಬಾರದೆಂದು ನಾನೊಂದು ಸವಾಲು ಹಾಕಿದೆ. "ಒನ್, ಟೂ, ತ್ರೀ ಎಂದು ಎಣಿಸುತ್ತಾ ಹೋದರೆ ಎ ಅಕ್ಷರ ಮೊದಲು ಬರುವುದು ಯಾವ ಸಂಖ್ಯೆಯಲ್ಲಿ?" ಥೌಸಂಡ್ ಎಂಬುದು ನನ್ನ ಉತ್ತರ. ಅವನು ಪೇಪರಿನಲ್ಲಿ ಗೀಚಿ, ಲೆಕ್ಕ ಹಾಕಿ, "ಅಲ್ಲ ತಾತ, 101" ಎಂದ. ಹೇಗೆ? "ಒನ್ ಹಂಡ್ರೆಡ್ ಅಂಡ್ ಒನ್. ಅಂಡ್‌ನಲ್ಲಿ ಎ ಇದೆಯಲ್ಲ!" ನಾನು ಚೆಕ್ಕು ಡ್ರಾಫ್ಟುಗಳಲ್ಲಿ ಆ 'ಅಂಡ್' ಎಷ್ಟು ಸಲ ಬರೆದಿದ್ದೇನೋ! 'ಅಂಡ್' ಬಿಟ್ಟು ಎಣಿಸುವವರಿಗೆ ಥೌಸಂಡ್ ಸರಿ. ಸೇರಿಸಿ ಎಣಿಸುವ ನಮಗೆ ಅವನದೇ ಸರಿ. ಸೋತೆ ಎಂದು ಒಪ್ಪಿಕೊಂಡೆ.

ಆಮೇಲೆ ಇಬ್ಬರೂ ಸೇರಿ ಸಿ ಅಕ್ಷರ ಹುಡುಕಿದೆವು. ಮಿಲಿಯನ್, ಬಿಲಿಯನ್ ಎಂದು ಎಣಿಸುವವರಿಗೆ ಸಿ ಸಿಗಲು ಆಕ್ಟಿಲಿಯನ್‌ವರೆಗೆ ಹೋಗಬೇಕು. ಅಂದರೆ ಒಂದರ ಮುಂದೆ 27 ಸೊನ್ನೆ! ನಮಗೆ ಅಷ್ಟು ದೂರ ಬೇಡ. 7 ಸೊನ್ನೆಗೇ ನಮ್ಮ 'ಕ್ರೋರ್' ಸಿ ಹಿಡಿದುಕೊಂಡು ನಿಂತಿದೆ.

ಮೊನ್ನೆಯ ಡಿಕ್ಟೇಶನ್‌ನಲ್ಲಿ ಹುಡುಗನಿಗೆ 10ಕ್ಕೆ 6 ಬಂತು. ಇನ್ನೂ ನಾಲ್ಕು ತಪ್ಪಿವೆ. ಆದರೆ ನೋಟ್‌ಬುಕ್ ಈ ಸಲ ಹಾಸಿಗೆಯ ಕೆಳಗೆ ಹೋಗಲಿಲ್ಲ. ನೇರವಾಗಿ ನನ್ನ ಮಡಿಲಿಗೆ ಬಂತು. "ತಪ್ಪಿದ್ದು ಯಾಕೆ ಅಂತ ನೋಡೋಣ ಬಾ ತಾತ" ಎಂದ. ನನಗೆ ಅಷ್ಟು ಸಾಕು.

ಅಜ್ಜ ಅಜ್ಜಿಯರೇ, ನಿಮಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೂ ಚಿಂತೆಯಿಲ್ಲ. ಐದು ಅಕ್ಷರ ಗುರುತಿಸಲು ಬಂದರೆ ಆಟಕ್ಕೆ ಸೇರಬಹುದು. ಸೋಲುವುದಕ್ಕೆ ಮಾತ್ರ ತಯಾರಾಗಿರಿ.

ಈ ವಾರದ ಒಗಟು: ಐದೂ ಸ್ವರಗಳು ಒಂದೊಂದು ಸಲ ಬರುವ ಒಂದು ತರಕಾರಿಯ ಇಂಗ್ಲಿಷ್ ಹೆಸರೇನು? ಒಟ್ಟು 11 ಅಕ್ಷರ. ಸಂಜೆ ರಸ್ತೆ ಬದಿಯ ಗಾಡಿಯಲ್ಲಿ ಕೆಂಪಗೆ ಕರಿದು ಕೊಡುತ್ತಾರೆ, ನೀವು ಬೇಡವೆಂದರೂ ಕೇಳದೆ ತಿನ್ನುತ್ತೀರಿ! ಉತ್ತರ ಮುಂದಿನ ವಾರ.

ನಿಮ್ಮ ಪ್ರೀತಿಯ ತಾತ