ಲೆಕ್ಕಕ್ಕೆ ಬಾರದ ಬಿಳಿ ಹೊಗೆ

ಚಳಿ ಎಂದರೆ ಮಲೆನಾಡಿನದು ಎಂಬ ನಂಬಿಕೆ ಘಟ್ಟದ ಊರುಗಳಲ್ಲಿ ಗಟ್ಟಿಯಾಗಿದೆ. ಆದರೆ ಡಿಸೆಂಬರ್ ಮತ್ತು ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ವರದಿಯಾಗುವ ಊರುಗಳ ಸಾಲಿನಲ್ಲಿ ಬೀದರಿನ ಜೊತೆಗೆ ವಿಜಯಪುರದ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಪಾದರಸವು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುಂಜಾನೆಗಳು ಅಲ್ಲಿ ಅಪರೂಪವಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದೂ ಅದೇ ನೆಲ. ಮೋಡವಿಲ್ಲದ ಆಕಾಶ, ಒಣ ಗಾಳಿ, ಮರಗಳ ಹೊದಿಕೆಯಿಲ್ಲದ ಎರೆಭೂಮಿ: ಹಗಲಿಡೀ ಹೀರಿದ ಬಿಸಿಯನ್ನು ನೆಲ ರಾತ್ರಿ ಆಕಾಶಕ್ಕೆ ಬಿಟ್ಟುಕೊಡುವಾಗ ತಡೆದು ಹಿಡಿಯುವವರು ಯಾರೂ ಇಲ್ಲ. ಘಟ್ಟದಲ್ಲಿ ಆ ಕೆಲಸವನ್ನು ಕಾಡು, ಮಂಜು ಮತ್ತು ಗಾಳಿಯ ತೇವ ಮಾಡುತ್ತವೆ.

ವಿಜಯಪುರ ನಗರದ ಪಶ್ಚಿಮಕ್ಕೆ ತಿಕೋಟಾ, ನೈರುತ್ಯಕ್ಕೆ ಬಬಲೇಶ್ವರ. ಎರಡೂ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಎರಡೂ ದ್ರಾಕ್ಷಿಯ ಸೀಮೆ. ಅಕ್ಟೋಬರ್ ಚಾಟ್ನಿ ಮುಗಿದ ಮೇಲೆ ಔಷಧ ಸಿಂಪಡಿಸುವ, ಗೊನೆ ತಿದ್ದುವ ಕೆಲಸಗಳು ಚಳಿಗಾಲದಲ್ಲಿಯೇ ಬರುತ್ತವೆ. ಆಳುಗಳು ತೋಟ ಸೇರಬೇಕಾದದ್ದು ಬೆಳಗಿನ ತಂಪು ಹೊತ್ತಿಗೆ. ಅವರನ್ನು ಒಯ್ಯುವ ವಾಹನಗಳಲ್ಲಿ ಹಳೆಯ ಟ್ರ್ಯಾಕ್ಸ್, ಹಳೆಯ ಜೀಪು, ಟ್ರ್ಯಾಕ್ಟರ್ ಎಲ್ಲವೂ ಇವೆ. ಥಂಡಿ ಬಿದ್ದ ದಿನ ಇವುಗಳಲ್ಲಿ ಕೆಲವು ಸುಲಭವಾಗಿ ಚಾಲೂ ಆಗುವುದಿಲ್ಲ. ಆಗ ಶುರುವಾಗುತ್ತದೆ ದಬ್ಬುವ ಕೆಲಸ. ಅದಕ್ಕೂ ಜಗ್ಗದಿದ್ದರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸುವುದು, ಇಂಜಿನ್ ಕೆಳಗೆ ಚಿಂದಿ ಬಟ್ಟೆಗೆ ಬೆಂಕಿ ಇಡುವುದು. ಕೊನೆಗೊಮ್ಮೆ ಗಾಡಿ ಎದ್ದಾಗ ಕಣ್ಣು ಉರಿಸುವ ಬಿಳಿ ಹೊಗೆ ಅಂಗಳ ತುಂಬುತ್ತದೆ. ‘ಬಿಸಿಯಾಗಲಿ’ ಎಂದು ಅದನ್ನು ಕಾಲು ಗಂಟೆ ಹಾಗೆಯೇ ಓಡಲು ಬಿಡಲಾಗುತ್ತದೆ. ಹಿಂಬದಿಯಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಇಂಜಿನ್ನಿನ ಹೊಗೆಯನ್ನು 2012ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಮಟ್ಟದ ಇಂಧನ ಬಂದು ಡೀಸೆಲ್‌ನಲ್ಲಿನ ಗಂಧಕದ ಮಿತಿ ದಶಲಕ್ಷಕ್ಕೆ 10 ಪಾಲಿಗೆ ಇಳಿಯಿತು. ಹಳೆಯ ಜೀಪಿನ ಟ್ಯಾಂಕಿಗೂ ಈಗ ಬೀಳುವುದು ಅದೇ ಡೀಸೆಲ್. ಆದರೆ ಇಂಧನ ಎಷ್ಟೇ ಶುದ್ಧವಾಗಿದ್ದರೂ ಉರಿಯದೆ ಹೊರಬಿದ್ದರೆ ಏನು ಪ್ರಯೋಜನ? ಮುಂಜಾನೆಯ ಬಿಳಿ ಹೊಗೆಯ ಬಹುಪಾಲು ಉರಿಯದೆ ಉಳಿದ ಡೀಸೆಲ್‌ನ ಹನಿಗಳೇ.

ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿದೆ. ಮಾಲಿನ್ಯ ತಪಾಸಣಾ ಕೇಂದ್ರದಲ್ಲಿ ಡೀಸೆಲ್ ವಾಹನದ ಹೊಗೆಯನ್ನು ಅಳೆಯಬೇಕಾದದ್ದು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಪರೀಕ್ಷೆಯ ಕ್ರಮವೇ ಹಾಗಿದೆ. ಬಿಸಿ ಇಂಜಿನ್ನುಗಳನ್ನು ಒಂದಕ್ಕೊಂದು ಹೋಲಿಸಲು ಅದು ಸರಿಯೂ ಹೌದು. ಫಲವೆಂದರೆ, ಬೆಳಗಿನ 6 ಗಂಟೆಗೆ ಓಣಿಯನ್ನೆಲ್ಲ ಹೊಗೆಯಿಂದ ತುಂಬಿದ ಗಾಡಿ ಮಧ್ಯಾಹ್ನ ನಗರಕ್ಕೆ ಹೋಗಿ ನಿರಾಯಾಸವಾಗಿ ಪ್ರಮಾಣಪತ್ರ ತರಬಲ್ಲದು. ತಣ್ಣನೆಯ ಇಂಜಿನ್ನಿನ ಹೊಗೆ ಯಾವ ಕಾಗದದಲ್ಲಿಯೂ ದಾಖಲಾಗುವುದಿಲ್ಲ.

ಹಳೆಯ ವಾಹನಗಳನ್ನೆಲ್ಲ ಗುಜರಿಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಗುಜರಿ ನೀತಿ ಪ್ರಕಟಿಸಿತು. ಅದೂ ವಯಸ್ಸಿಗಿಂತ ಯೋಗ್ಯತಾ ಪರೀಕ್ಷೆಗೆ ಹೆಚ್ಚು ಒತ್ತು ಕೊಟ್ಟಿತು. 10 ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿರ್ಬಂಧ ದೆಹಲಿ ಪ್ರದೇಶಕ್ಕೆ ಸಂಬಂಧಿಸಿದ್ದು. ದಿನಗೂಲಿಯವರನ್ನು ಹೊತ್ತು ಬದುಕುವ ಗಾಡಿಯ ಮಾಲೀಕ ಹೊಸದನ್ನು ಕೊಳ್ಳುವ ಸ್ಥಿತಿಯಲ್ಲಿ ಇರುವುದು ಕಡಿಮೆ. ಗಾಡಿ ಇನ್ನೂ ಹಲವು ಚಳಿಗಾಲ ಓಡುವುದು ಖಚಿತವಾಗಿರುವಾಗ, ಅದು ಹೇಗೆ ಓಡುತ್ತದೆ ಎಂಬುದರ ಕಡೆಗೆ ಪರಿಸರಾಸಕ್ತರು ಗಮನ ಕೊಡಬೇಕು. ಈ ಹೊಗೆಯ ಹಿಂದಿರುವ ದೋಷಗಳಲ್ಲಿ ಹೆಚ್ಚಿನವು ಸಣ್ಣವು, ಹಳ್ಳಿಯ ಗ್ಯಾರೇಜಿನಲ್ಲಿಯೇ ಸರಿಹೋಗುವಂಥವು.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನ ಗಾಳಿಯನ್ನು ಸುಮಾರು 20ರಲ್ಲಿ 1 ಪಾಲಿಗೆ ಒತ್ತಿದಾಗ ಹುಟ್ಟುವ ಬಿಸಿಯೇ ಡೀಸೆಲನ್ನು ಹೊತ್ತಿಸಬೇಕು. ಲೋಹ ತಣ್ಣಗಿದ್ದರೆ ಆ ಬಿಸಿಯನ್ನು ಅದೇ ನುಂಗುತ್ತದೆ. ರಿಂಗು ಸವೆದಿದ್ದರೆ ಒತ್ತಿದ ಗಾಳಿ ಬದಿಯಿಂದ ಸೋರುತ್ತದೆ. ಅದಕ್ಕಾಗಿಯೇ ಪ್ಯೂಜೋ ಇಂಜಿನ್ನಿನ ಹಳೆಯ ಮಹೀಂದ್ರ ಜೀಪುಗಳಲ್ಲಿ, ಮರ್ಸಿಡಿಸ್ ಮೂಲದ ಇಂಜಿನ್ ಹೊತ್ತ ಹಳೆಯ ಟ್ರ್ಯಾಕ್ಸ್‌ಗಳಲ್ಲಿ ಹೀಟರ್ ಪ್ಲಗ್‌ಗಳನ್ನು ಇಡಲಾಗಿದೆ. ಚಾವಿ ತಿರುಗಿಸಿ ಕೆಲವು ಕ್ಷಣ ಕಾದರೆ ಅವು ಕೆಂಪಗೆ ಕಾಯ್ದು ದಹನಕ್ಕೆ ನೆರವಾಗುತ್ತವೆ. ಹೆಚ್ಚಿನ ಟ್ರ್ಯಾಕ್ಟರುಗಳ ಇಂಜಿನ್ ರಚನೆ ಬೇರೆ. ಅವುಗಳಿಗೆ ಈ ಪ್ಲಗ್ ಇರುವುದಿಲ್ಲ.

ಗಾಡಿ ಏಳದಿದ್ದಾಗ ಮೊದಲು ಮಾಡಬೇಕಾದದ್ದು ನೋಡುವುದು ಮತ್ತು ಕೇಳುವುದು. ಸೆಲ್ಫ್ ನಿಧಾನವಾಗಿ, ನರಳುತ್ತ ತಿರುಗಿದರೆ ದೋಷ ಬ್ಯಾಟರಿಯ ಕಡೆ. ಚಳಿಯಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಮಂದವಾಗಿ ತಿರುಗಿಸುವ ಹೊರೆ ಹೆಚ್ಚುತ್ತದೆ. ಹಳೆಯ ಗಾಡಿಗೆ ಎರಡೂ ಕಡೆಯಿಂದ ಪೆಟ್ಟು. ಹೊಸ ಬ್ಯಾಟರಿಗೆ ಹಣ ಸುರಿಯುವ ಮೊದಲು ಟರ್ಮಿನಲ್ ಮೇಲಿನ ಬಿಳಿ ಹಿಟ್ಟನ್ನು ಬಿಸಿ ನೀರಿನಿಂದ ತೊಳೆದು ಬಿಗಿ ಮಾಡಬೇಕು. ಚಾಸಿಸ್‌ಗೆ ಹೋಗುವ ಅರ್ಥ್ ತಂತಿಯನ್ನು ಬಿಚ್ಚಿ ತುಕ್ಕು ಕೆರೆಯಬೇಕು. ಅನೇಕ ವೇಳೆ ಇಷ್ಟೇ ಸಾಕು.

ಸೆಲ್ಫ್ ಚುರುಕಾಗಿ ತಿರುಗುತ್ತಿದೆ, ಸೈಲೆನ್ಸರಿನಿಂದ ಬಿಳಿ ಹೊಗೆಯೂ ಬರುತ್ತಿದೆ, ಆದರೂ ಇಂಜಿನ್ ಹಿಡಿಯುತ್ತಿಲ್ಲ ಎಂದಾದರೆ ಡೀಸೆಲ್ ಒಳಗೆ ತಲುಪುತ್ತಿದೆ, ಉರಿಯುತ್ತಿಲ್ಲ ಎಂದು ಅರ್ಥ. ಹೀಟರ್ ಪ್ಲಗ್‌ಗಳನ್ನು ಪರೀಕ್ಷಿಸಬೇಕು. 4 ಪ್ಲಗ್‌ಗಳಲ್ಲಿ 1 ಸತ್ತರೂ ಗಾಡಿ ಬೇಸಿಗೆಯಲ್ಲಿ ಏನೂ ಗೊತ್ತಾಗದಂತೆ ಓಡುತ್ತದೆ. 2 ಸತ್ತ ಸಂಗತಿ ಡಿಸೆಂಬರಿನಲ್ಲಿ ಬಯಲಾಗುತ್ತದೆ. ಎಲ್ಲ ಪ್ಲಗ್‌ಗಳೂ ಒಮ್ಮೆಗೇ ತಣ್ಣಗಿದ್ದರೆ ರಿಲೇ ಅಥವಾ ಫ್ಯೂಸ್ ನೋಡಬೇಕು. ಪ್ಲಗ್ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ನಾಜಲ್, ಪಂಪಿನ ಟೈಮಿಂಗ್, ಸವೆದ ರಿಂಗು ಎಂದು ಖರ್ಚಿನ ದಾರಿ ಹಿಡಿಯಬೇಕಾಗುತ್ತದೆ. ಇಂಜಿನ್ ಕಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದು ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಅದು ಚಳಿಯ ತೊಂದರೆಯಲ್ಲ. ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು.

ಸೆಲ್ಫ್ ತಿರುಗಿದರೂ ಹೊಗೆಯೇ ಇಲ್ಲದಿದ್ದರೆ, ಅಥವಾ ಎದ್ದ ಇಂಜಿನ್ ಒಂದೆರಡು ನಿಮಿಷದಲ್ಲಿ ನಿಂತರೆ, ಡೀಸೆಲ್ ತಲುಪುತ್ತಿಲ್ಲ. ಹಳೆಯ ರಬ್ಬರ್ ಪೈಪು ಚಳಿಗೆ ಬಿರುಸಾಗಿ ಸಣ್ಣ ಬಿರುಕಿನಿಂದ ಗಾಳಿ ಎಳೆಯುತ್ತದೆ. ಇದನ್ನೇ ಏರ್ ಹಿಡಿದಿದೆ ಎನ್ನುವುದು. ಪ್ರತಿ ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುವುದನ್ನೇ ದಿನಚರಿ ಮಾಡಿಕೊಂಡವರಿದ್ದಾರೆ. ಪೈಪು ಮತ್ತು ವಾಷರ್ ಬದಲಿಸಿದರೆ ಆ ಕಾಟವೇ ಇರುವುದಿಲ್ಲ.

ವಿಜಯಪುರದಂಥ ಬಿಸಿಲ ಸೀಮೆಯ ಗ್ಯಾರೇಜುಗಳಲ್ಲಿ ಒಂದು ಕೆಟ್ಟ ಅಭ್ಯಾಸ ಬೇರೂರಿದೆ. ಬೇಸಿಗೆಯಲ್ಲಿ ಇಂಜಿನ್ ಕಾಯುತ್ತದೆ ಎಂಬ ದೂರು ಬಂದರೆ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡಲಾಗುತ್ತದೆ. ನೀರು ಹರಿಯಲಿ ಎಂಬುದು ತರ್ಕ. ಇಂಜಿನ್ ಬೇಗ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದೇ ಆ ವಾಲ್ವಿನ ಕೆಲಸ. ಅದಿಲ್ಲದ ಗಾಡಿ ಚಳಿಗಾಲದಲ್ಲಿ ತಿಕೋಟಾದಿಂದ ನಗರ ಮುಟ್ಟುವವರೆಗೂ ಸರಿಯಾಗಿ ಕಾಯದೆ, ಹೊಗೆ ಉಗುಳುತ್ತ, ಹೆಚ್ಚು ಡೀಸೆಲ್ ಕುಡಿಯುತ್ತ ಓಡುತ್ತದೆ. ಬೇಸಿಗೆಯ ಕಾವಿಗೆ ಮದ್ದು ರೇಡಿಯೇಟರಿನ ಕೊಳೆ ತೆಗೆಸುವುದು.

ಇಂಧನದ ಬಗ್ಗೆಯೂ ತಿಳಿಯಬೇಕಾದದ್ದಿದೆ. ಚಳಿಯಲ್ಲಿ ಡೀಸೆಲ್‌ನ ಮೇಣದ ಅಂಶ ಹರಳುಗಟ್ಟಿ ಫಿಲ್ಟರಿಗೆ ಅಂಟುತ್ತದೆ. ಆದ್ದರಿಂದ ಭಾರತೀಯ ಮಾನಕದಲ್ಲಿ ಎರಡು ಮಿತಿಗಳಿವೆ: ಚಳಿಗಾಲದ ಡೀಸೆಲ್ 6 ಡಿಗ್ರಿಯವರೆಗೂ ಫಿಲ್ಟರಿನಲ್ಲಿ ಹರಿಯಬೇಕು, ಬೇಸಿಗೆಯದಕ್ಕೆ 18 ಡಿಗ್ರಿ ಸಾಕು. ಡಿಸೆಂಬರಿನಲ್ಲಿ ಬಂಕಿನಿಂದ ತುಂಬಿಸಿದ ಡೀಸೆಲ್ ಹೀಗಾಗಿ ತೊಂದರೆ ಕೊಡುವುದು ಕಡಿಮೆ. ತೋಟದ ಶೆಡ್ಡಿನ ಬ್ಯಾರಲ್‌ನಲ್ಲಿ ಬೇಸಿಗೆಯಿಂದ ಉಳಿದದ್ದೇ ಸಂಶಯಕ್ಕೆ ಅರ್ಹ. ಅದರ ತಳದಲ್ಲಿ ನೀರೂ ಇರುತ್ತದೆ. ಸೀಮೆಎಣ್ಣೆ ಬೆರೆಸುವ ಉಪಾಯ ಕಾನೂನಿಗೂ ವಿರುದ್ಧ, ಪಂಪಿನ ಆಯುಷ್ಯಕ್ಕೂ ಮಾರಕ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ಪ್ರಯೋಗಗಳಿಂದ ಹೊಂಗೆ ಎಣ್ಣೆಯ ಬಗ್ಗೆ ರಾಜ್ಯದಲ್ಲಿ ಆಸಕ್ತಿ ಬೆಳೆಯಿತು. ಪರಿಸರ ಚಳವಳಿಗೆ ಅದು ಪ್ರಿಯವಾದ ವಿಷಯ. ಆದರೂ ಹೊಂಗೆಯ ಬಯೋಡೀಸೆಲ್ ಚಳಿಗೆ ಪೆಟ್ರೋಲಿಯಂ ಡೀಸೆಲ್‌ಗಿಂತ ಬೇಗ ಮಂದವಾಗುತ್ತದೆ ಎಂಬ ಸತ್ಯವನ್ನು ಮುಚ್ಚಿಡಬೇಕಾಗಿಲ್ಲ.

ಚಾಲೂ ಮಾಡಲು ಈಥರ್ ಸ್ಪ್ರೇ ಹೊಡೆಯುವವರೂ ಇದ್ದಾರೆ. ಕಾದ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಸ್ಫೋಟವಾಗಬಹುದು, ಪಿಸ್ಟನ್ ಒಡೆಯಬಹುದು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಕಾಯಿಸುವುದು ಪ್ರಾಣಕ್ಕೇ ಅಪಾಯ. ನಿಂತಲ್ಲಿಯೇ ಕಾಲು ಗಂಟೆ ಓಡಿಸುವುದರಿಂದ ಲಾಭವೂ ಇಲ್ಲ. ಅರ್ಧ, ಒಂದು ನಿಮಿಷದ ನಂತರ ನಿಧಾನವಾಗಿ ಹೊರಟರೆ ಇಂಜಿನ್ ಹೆಚ್ಚು ಬೇಗ ಕಾಯುತ್ತದೆ.

ಬಯಲಿನವರು ಗಾಡಿ ದಬ್ಬಿದರೆ ಘಟ್ಟದವರು ಇಳಿಜಾರಿನಲ್ಲಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದು, ಉರುಳುವಾಗ ಗೇರಿಗೆ ಹಾಕಿ ಎಬ್ಬಿಸುವುದು ಮಲೆನಾಡಿನ ಜೀಪುಗಳ ಹಳೆಯ ರೂಢಿ. ಸತ್ತ ಬ್ಯಾಟರಿ ವರ್ಷಗಟ್ಟಲೆ ಹೀಗೆ ಮರೆಯಾಗಿ ಉಳಿಯುತ್ತದೆ. ವ್ಯಾಕ್ಯೂಮ್ ಬ್ರೇಕ್ ಇರುವ ಡೀಸೆಲ್ ಗಾಡಿಗಳಲ್ಲಿ ವ್ಯಾಕ್ಯೂಮ್ ಹುಟ್ಟುವುದು ಇಂಜಿನ್ ಓಡುವಾಗ ಮಾತ್ರ. ರಾತ್ರಿಯಿಡೀ ನಿಂತ ಗಾಡಿ ಇಳಿಜಾರಿನಲ್ಲಿ ಉರುಳತೊಡಗಿ ಇಂಜಿನ್ ಹಿಡಿಯದಿದ್ದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೆಳಗಿನ ತಿರುವಿನಲ್ಲಿ ಶಾಲೆಗೆ ಹೊರಟ ಮಕ್ಕಳು ಇರುವ ಹೊತ್ತು ಅದು.

ಸಾರಿಗೆ ಇಲಾಖೆ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ನವೆಂಬರಿನಲ್ಲಿ ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಒಂದೊಂದು ದಿನ ಬೆಳಗಿನ ತಪಾಸಣಾ ಶಿಬಿರ ನಡೆಸಿ, ರಾತ್ರಿಯಿಡೀ ನಿಂತ ಗಾಡಿಯನ್ನು ಅಲ್ಲಿಯೇ ಚಾಲೂ ಮಾಡಿಸಿ ನೋಡಬೇಕು; ದಂಡ ಹಾಕುವುದಕ್ಕಲ್ಲ, ದೋಷ ಬರೆದುಕೊಡುವುದಕ್ಕೆ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಘಟ್ಟದ ತಾಲ್ಲೂಕುಗಳಲ್ಲಿಯೂ ಇದೇ ಶಿಬಿರ ಬೇಕು, ಬ್ರೇಕಿನ ಪರೀಕ್ಷೆಯೂ ಸೇರಿ. ಹೀಟರ್ ಪ್ಲಗ್ ಬದಲಿಸುವುದು ಅರ್ಧ ದಿನದ ಕೆಲಸ. ಡಿಸೆಂಬರ್ ಹುಟ್ಟುವ ಮೊದಲು ಮಾಡಿಸಿದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೋಗುವ ಗಾಡಿ ಯಾರಿಂದಲೂ ದಬ್ಬಿಸಿಕೊಳ್ಳದೆ ಹೊರಡುತ್ತದೆ.