ಮಗ್ಗುಲಲ್ಲೇ ನದಿ, ಆದರೂ ಬಡಾವಣೆಗೆ ಅದು ಮೋರಿ

ಬೆಂಗಳೂರು: ಮೈಸೂರು ರಸ್ತೆಯ ಕಮಾನಿನೊಳಗೆ ತಿರುಗಿದರೆ ತೆರೆದುಕೊಳ್ಳುವ ರಾಜರಾಜೇಶ್ವರಿ ನಗರ ರಾಜಧಾನಿಯ ಪ್ರಮುಖ ವಸತಿ ಪ್ರದೇಶಗಳಲ್ಲೊಂದು. ದೇವಾಲಯದಿಂದ ಹೆಸರು ಪಡೆದ ಈ ಉಪನಗರ ಬೆಳೆದದ್ದು ಬಹುಮಟ್ಟಿಗೆ ಗೃಹ ನಿರ್ಮಾಣ ಸಂಘಗಳ ನಿವೇಶನಗಳಿಂದ. ಬಿಇಎಂಎಲ್, ಐಡಿಯಲ್ ಹೋಮ್ಸ್ ಬಡಾವಣೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಸಮೀಪದಲ್ಲೇ ಜ್ಞಾನಭಾರತಿ ಆವರಣದ ಹಸಿರಿದೆ. ಆದರೆ ಪಕ್ಕದಲ್ಲಿ ಹರಿಯುವ ವೃಷಭಾವತಿಯನ್ನು ನದಿ ಎಂದು ಕರೆಯುವವರು ವಿರಳ. ಜನರ ಬಾಯಲ್ಲಿ ಅದು ಬರೀ ಮೋರಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂಬ ಪ್ರತೀತಿಯುಳ್ಳ ಈ ನದಿ, ನಗರದ ಪಶ್ಚಿಮ ಭಾಗದ ಮನೆಗಳ ಕೊಳಚೆ ಹಾಗೂ ಪೀಣ್ಯ ಕಡೆಯ ಕಾರ್ಖಾನೆಗಳ ತ್ಯಾಜ್ಯ ಹೊತ್ತು ಮೈಸೂರು ರಸ್ತೆಗುಂಟ ಕೆಂಗೇರಿಯತ್ತ ಸಾಗುತ್ತದೆ. ದುರ್ನಾತ ರಾಜರಾಜೇಶ್ವರಿ ನಗರದ ಪಾಲಿಗೆ ಬಂದಿದೆ, ನಿಜ. ಆದರೆ ಉಪನಗರ ಕೇವಲ ಸಂತ್ರಸ್ತವಲ್ಲ, ಅದರ ಚರಂಡಿಗಳ ಇಳಿಜಾರೂ ಅದೇ ಕಣಿವೆಯತ್ತಲೇ ಇದೆ.

ಸಮಸ್ಯೆಯ ಬೇರು ಬೆಳವಣಿಗೆಯ ಕ್ರಮದಲ್ಲಿದೆ. ಇಲ್ಲಿ ಮೊದಲು ನಿವೇಶನ, ನಂತರ ಮನೆ, ಕೊನೆಗೆ ಒಳಚರಂಡಿ. ಪ್ರತ್ಯೇಕ ನಗರಸಭೆಯಾಗಿದ್ದ ರಾಜರಾಜೇಶ್ವರಿ ನಗರ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಒಟ್ಟು 7 ನಗರಸಭೆ, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಒಂದೇ ಬಾರಿಗೆ ಪಾಲಿಕೆಯ ಮಡಿಲಿಗೆ ಬಿದ್ದವು. ಕೊಳವೆ ಜಾಲ ಮಾತ್ರ ಅಷ್ಟೇ ವೇಗದಲ್ಲಿ ಹಿಗ್ಗಲಿಲ್ಲ. ಹಳ್ಳಿಗಳ ಕೆರೆ, ಹಳ್ಳಗಳ ನಡುವೆಯೇ ಬಡಾವಣೆಗಳು ಎದ್ದಿದ್ದವು. 2016ರಲ್ಲಿ ರಾಜಕಾಲುವೆ ಒತ್ತುವರಿ ತೆರವು ಕಾರ್ಯಾಚರಣೆ ನಡೆದಾಗ ಇಲ್ಲಿನ ಕೆಲವು ಕಟ್ಟಡಗಳಿಗೂ ಅದರ ಬಿಸಿ ತಟ್ಟಿತು. ಸಂಘದಿಂದ ನಿವೇಶನ ಕೊಂಡವರಿಗೆ ಮನೆಯ ಕೆಳಗೆ ಕಾಲುವೆಯಿದ್ದ ಸಂಗತಿ ತಿಳಿದದ್ದು ಭೂಮಾಪಕರು ಬಂದ ಮೇಲೆ.

ಇದರ ಬೆಲೆ ತೆರುತ್ತಿರುವವರು ಕೆಳಭಾಗದ ರೈತರು. ನಗರದ ಕೊಳಚೆ ಬಿಡದಿ ಸಮೀಪದ ಬೈರಮಂಗಲ ಜಲಾಶಯ ಸೇರುತ್ತದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಈ ಜಲಾಶಯ ನೊರೆಯ ಮಡುವಾಗಿದೆ. ವೃಷಭಾವತಿ ಮುಂದೆ ಅರ್ಕಾವತಿಯನ್ನೂ, ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತದೆ. ಸುಮಾರು 100 ಕಿ.ಮೀ. ದೂರದಿಂದ ಅಪಾರ ವಿದ್ಯುತ್ ವ್ಯಯಿಸಿ ತರುವ ಕಾವೇರಿ ನೀರು ಹೀಗೆ ಕೊಳೆಯಾಗಿ ಕಾವೇರಿಗೇ ಮರಳುತ್ತಿದೆ.

2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಮೆಟ್ರೊ ಬಂದ ಬಳಿಕ ಪ್ರಯಾಣ ಸಲೀಸಾಗಿದೆ. ಸಂಪರ್ಕ ಸುಧಾರಿಸಿದಷ್ಟೂ ಮನೆಗಳಿಗೆ ಬೇಡಿಕೆ, ಮನೆ ಹೆಚ್ಚಿದಷ್ಟೂ ಕೊಳಚೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ 5 ಪಾಲಿಕೆಗಳು ಬಂದಿವೆ. ಗಡಿಗಳು ಎಷ್ಟು ಬಾರಿ ಬದಲಾದರೂ ನೀರಿನ ಇಳಿಜಾರು ಬದಲಾಗದು. ಹೊಸ ಕಟ್ಟಡಕ್ಕೆ ಪರವಾನಗಿ ನೀಡುವ ಮುನ್ನ ಅದರ ಕೊಳಚೆ ಶುದ್ಧೀಕರಣ ಘಟಕ ತಲುಪುವುದೇ ಎಂದು ಖಾತರಿಪಡಿಸಿಕೊಳ್ಳದ ಹೊರತು, ವೃಷಭಾವತಿಯ ಪುನಶ್ಚೇತನ ಕಡತದಲ್ಲೇ ಉಳಿಯುವುದು ಖಚಿತ.